ಐದನೆಯ ಬೆಂಚಿನಲ್ಲಿ ನಿಂತ ಸಮಾಧಾನ

ಪಡುಬೈಲು, ಕಾಪು
14 ಜನವರಿ 2025

ಮಾನ್ಯ ಐರಿನ್ ಟೀಚರಿಗೆ,

ನೀವು ನನ್ನನ್ನು ನೋಡಿಲ್ಲ. ಕಳೆದ ನವೆಂಬರಿನಲ್ಲಿ ಪಡುಬೈಲು ಸಭೆಗೆ ಬಂದ ಹೊಸ ಸಭಾಪಾಲಕ ನಾನು. ಹೆಸರು ಟ್ರೆವರ್, ಊರು ಮೂಲ್ಕಿ, ವಯಸ್ಸು ಮೂವತ್ತೊಂದು. ಇಪ್ಪತ್ತು ವರ್ಷ ಈ ಸಭೆಯ ಸೆಕ್ರೆಟರಿಯಾಗಿದ್ದ ನೀವು ಈಗ ಕಾರ್ಕಳದಲ್ಲಿ ತಂಗಿಯ ಮನೆಯಲ್ಲಿದ್ದೀರಿ ಎಂದು ತಿಳಿಯಿತು. ಫೋನ್ ಮಾಡಬಹುದೇ ಎಂದು ಇಲ್ಲಿಯವರನ್ನು ಕೇಳಿದ್ದಕ್ಕೆ, ಫೋನು ಕಿವಿಗಿಟ್ಟರೆ ನಿಮ್ಮ ಕಿವಿಯ ಯಂತ್ರ ಕುಯ್ಯೋ ಎನ್ನುತ್ತದೆ ಎಂದರು. ವಾಟ್ಸಾಪಿನಲ್ಲಿ ಬರೆಯುವ ಧೈರ್ಯ ನನಗಿಲ್ಲ. ಈ ಸಭೆಯಲ್ಲಿ ಬೆಳಿಗ್ಗೆ ಒಬ್ಬರಿಗೆ ಕಳಿಸಿದ್ದು ಸಂಜೆಯೊಳಗೆ ದುಬೈ ಸುತ್ತಿ ನನ್ನ ಫೋನಿಗೇ ಬಂದು ಬೀಳುತ್ತದೆ. ಆದ್ದರಿಂದ ಕಾಗದ.

ಇಲ್ಲಿನ ಒಂದು ಪದ್ಧತಿ ನನಗೆ ತುಂಬ ಹಿಡಿಸಿತು. ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನಕ್ಕೆ ಮೊದಲು, ದೇವರ ಸಮಾಧಾನ ನಿಮಗಿರಲಿ ಎಂದು ಒಬ್ಬರಿಗೊಬ್ಬರು ಹೇಳುವಾಗ ಬೇರೆ ಸಭೆಗಳಲ್ಲಿ ಅಕ್ಕಪಕ್ಕದವರಿಗೆ ಕೈ ಮುಗಿದು ಮುಗಿಸುತ್ತಾರೆ. ನಿಮ್ಮಲ್ಲಿ ಹಾಗಲ್ಲ. ವೇದಿಯ ಬಳಿ ನಾನು ಇಬ್ಬರು ಹಿರಿಯರಿಗೆ ಕೊಡಬೇಕು, ಅವರು ಅದನ್ನು ಎರಡೂ ಕಡೆಯ ಮೊದಲ ಬೆಂಚಿಗೆ ತರಬೇಕು. ಅಲ್ಲಿಂದ ಒಬ್ಬರ ಅಂಗೈಗೆ ಇನ್ನೊಬ್ಬರ ಅಂಗೈ ತಾಗಿ, ಬೆಂಚಿನ ತುದಿಯಲ್ಲಿ ಕುಳಿತವರು ಹಿಂದಕ್ಕೆ ತಿರುಗಿ ಕೊಟ್ಟು, ಬಾಗಿಲವರೆಗೂ ಹೋಗಬೇಕು.

ಬಲಗಡೆ ಅದು ಬಾಗಿಲವರೆಗೆ ಹೋಗುತ್ತದೆ. ಎಡಗಡೆ ಮಾತ್ರ ನಾಲ್ಕನೆಯ ಬೆಂಚಿನವರು ತೆಗೆದುಕೊಂಡು ಹಾಗೇ ಮುಂದಕ್ಕೆ ನೋಡುತ್ತ ಕುಳಿತುಬಿಡುತ್ತಾರೆ. ಐದರಿಂದ ಹಿಂದೆ ಇರುವವರೆಲ್ಲ ಶುಕ್ರವಾರದ ಪ್ರಾರ್ಥನಾ ಕೂಟದವರು. ಅವರು ತಮ್ಮತಮ್ಮಲ್ಲೇ ಕೊಟ್ಟುಕೊಳ್ಳುತ್ತಾರೆ. ಯಾಕೆ ಎಂದು ಮೂವರನ್ನು ಕೇಳಿದೆ. ಒಬ್ಬರು ಬೆನ್ನು ನೋವು ಎಂದರು, ಇನ್ನೊಬ್ಬರು ಫ್ಯಾನಿನ ಗಾಳಿ ಎಂದರು, ಮೂರನೆಯವರು ಟೀಚರಿಗೆ ಗೊತ್ತು ಎಂದರು.

ಇದು ಬರೀ ಕುತೂಹಲವಲ್ಲ. ಕೂಟದವರು ಸಭೆ ಬಿಟ್ಟು ಬೇರೆಯಾಗುವ ಅರ್ಜಿ ಕೊಟ್ಟಿದ್ದಾರೆ. ನಲವತ್ತೊಂದು ಕುಟುಂಬಗಳಲ್ಲಿ ಹದಿನೇಳು. ಏಪ್ರಿಲ್ 6ರಂದು ಮಹಾಸಭೆಯಲ್ಲಿ ಅದು ಇತ್ಯರ್ಥವಾಗುತ್ತದೆ. ಐದನೆಯ ಬೆಂಚಿನಲ್ಲಿ ಏನಾಯಿತು ಎಂದು ತಿಳಿಯದೆ ಆ ದಿನ ನಾನು ಏನು ಹೇಳಲಿ?

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ
ಟ್ರೆವರ್

*

ಕಾರ್ಕಳ
22 ಜನವರಿ 2025

ಟ್ರೆವರ್ ಅಯ್ಯನವರಿಗೆ,

ನಿಮ್ಮ ಕಾಗದ ತಂದುಕೊಟ್ಟ ಪೋಸ್ಟ್‌ಮ್ಯಾನ್ ಎರಡು ನಿಮಿಷ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಬರೆದ ವಿಳಾಸ ನೋಡಿ ಅವನಿಗೂ ಆಶ್ಚರ್ಯವಾಗಿರಬೇಕು. ನಿಮ್ಮ ಅಕ್ಷರ ಚೆನ್ನಾಗಿಲ್ಲ, ಆದರೆ ಓದಬಹುದು. ಮೂವತ್ತಮೂರು ವರ್ಷ ಮಕ್ಕಳ ಅಕ್ಷರ ತಿದ್ದಿದವಳು, ಹೇಳದೆ ಇರಲಾಗುವುದಿಲ್ಲ.

ನೀವು ಕುತೂಹಲದವರು ಎಂದು ಕಂಡಿತು. ನಿಮಗಿಂತ ಮೊದಲು ಬಂದ ಪಾದ್ರಿಗಳಿಗೆಲ್ಲ ಉತ್ತರ ಹೇಳುವುದರಲ್ಲಿ ಆಸಕ್ತಿ ಇತ್ತು, ಪ್ರಶ್ನೆ ಕೇಳುವುದರಲ್ಲಿ ಇರಲಿಲ್ಲ. ಹಾಗಾಗಿ ಸ್ವಲ್ಪ ಹಿಂದಿನದು ಬರೆಯುತ್ತೇನೆ. ಪಡುಬೈಲು ಸಭೆಯನ್ನು ಕಟ್ಟಿದವರು ಜರ್ಮನಿಯಿಂದ ಬಂದವರು. ನನ್ನ ಅಜ್ಜಿ ಅವರ ಹಂಚಿನ ಕಾರ್ಖಾನೆಯಲ್ಲಿ ದುಡಿದವಳು. ಆಮೇಲೆ ಬೇರೆ ಬೇರೆ ಮಿಷನ್ನುಗಳೆಲ್ಲ ಕೂಡಿ ಒಂದು ಸಭೆಯಾದಾಗ ನಾವೂ ಸೇರಿದೆವು, ಬಿಷಪರು ಬಂದರು, ಆರಾಧನೆಯ ಪುಸ್ತಕ ಬಂತು, ನಾವೂ ಇಂಗ್ಲೆಂಡಿನ ಸಭೆಯ ಆಂಗ್ಲಿಕನ್ ಬಳಗಕ್ಕೆ ಸೇರಿದವರು ಎಂದು ಹೇಳಿದರು. ನನ್ನ ಅಪ್ಪ ಸಾಯುವವರೆಗೂ ಆ ಹೆಸರನ್ನು ಸರಿಯಾಗಿ ಹೇಳಲಿಲ್ಲ. ಆದರೆ ಪುಸ್ತಕ ಹಿಡಿದು ಎದ್ದು ನಿಲ್ಲಬೇಕಾದಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದರು.

ಶುಕ್ರವಾರದ ಕೂಟ ಶುರುವಾದದ್ದು 1989ರಲ್ಲಿ, ಕಾಪುವಿನಲ್ಲಿ, ನನ್ನ ಗೆಳತಿ ಬರ್ತಾಳ ಮನೆಯ ಜಗಲಿಯಲ್ಲಿ. ಆ ದಿನ ಕೂಟದಲ್ಲಿದ್ದವರು ಇಬ್ಬರೇ, ಬರ್ತಾ ಮತ್ತು ನಾನು. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಪುಸ್ತಕದ ಪ್ರಾರ್ಥನೆ ಬಾಯಿಗೆ ಸಾಕು, ಹೊಟ್ಟೆಗೆ ಸಾಲದು ಎಂದು ಬರ್ತಾ ಹೇಳುತ್ತಿದ್ದಳು. ಹಾಗೆಂದು ಸಭೆ ಬಿಡುವ ಮಾತು ನಮ್ಮ ಬಾಯಲ್ಲಿ ಬರಲಿಲ್ಲ. ಶುಕ್ರವಾರ ಜಗಲಿ, ಭಾನುವಾರ ಬೆಂಚು ಎಂದು ನಾವೇ ಕಟ್ಟಿಕೊಂಡ ನಿಯಮ. ಒಂದೇ ಹಾಡಿನ ಪುಸ್ತಕ ಇಬ್ಬರಿಗೂ. ಅವಳಿಗೆ ರಾಗ ಗೊತ್ತಿತ್ತು, ನನಗೆ ಅಕ್ಷರ ಗೊತ್ತಿತ್ತು.

ಬೆಂಚಿನ ವಿಷಯ ನನಗೆ ಅಷ್ಟು ನೆನಪಿಲ್ಲ. ಕೆಲವರಿಗೆ ನಿಜವಾಗಿಯೂ ಬೆನ್ನು ನೋವಿರುತ್ತದೆ.

ಐರಿನ್

*

ಪಡುಬೈಲು
9 ಫೆಬ್ರವರಿ 2025

ಪ್ರೀತಿಯ ಟೀಚರ್,

ನೀವು ಬರೆದದ್ದನ್ನು ನಾಲ್ಕು ಸಲ ಓದಿದೆ. ಎಲ್ಲ ಹೇಳಿ, ಕೇಳಿದ್ದೊಂದನ್ನು ಬಿಟ್ಟಿದ್ದೀರಿ.

ಕಳೆದ ವಾರ ಮಣಿಪಾಲದಲ್ಲಿ ಒಂದು ದಿನದ ಶಿಬಿರವಿತ್ತು. ನಮ್ಮ ಆಂಗ್ಲಿಕನ್ ಬಳಗದೊಳಗೆ, ಇಲ್ಲಿನ ಕೂಟದವರ ಹಾಗೆ, ಸುವಾರ್ತೆಯ ಕಡೆಗೆ ಒಲವಿರುವವರು ಐಕ್ಯದಿಂದ ಇರುವುದು ಹೇಗೆ ಎಂಬ ವಿಷಯ. ಬೆಳಿಗ್ಗೆಯಿಡೀ ಅನ್ಯೋನ್ಯತೆಯ ಮಾತು. ಸುವಾರ್ತೆಯವರು ಸಭೆಯೊಳಗೇ ಇದ್ದು ಅದಕ್ಕೆ ಉಸಿರಾಗಬೇಕು, ಒಳಗೆ ಇನ್ನೊಂದು ಸಭೆ ಕಟ್ಟಬಾರದು ಎಂದು ಒಬ್ಬ ಹಿರಿಯರು ತುಂಬ ಚೆನ್ನಾಗಿ ಹೇಳಿದರು. ಮಧ್ಯಾಹ್ನ ಊಟಕ್ಕೆ ಹೋದರೆ ಗಿಟಾರಿನವರು ಒಂದು ಮೇಜು, ಪುಸ್ತಕದವರು ಇನ್ನೊಂದು ಮೇಜು. ನಾನು ತಟ್ಟೆ ಹಿಡಿದು ಎಲ್ಲಿ ಕೂರಬೇಕೆಂದು ತಿಳಿಯದೆ ಸಾರು ತಣ್ಣಗಾಗುವವರೆಗೆ ನಿಂತಿದ್ದೆ.

ಹಿಂತಿರುಗಿದ ಮೇಲೆ ನಮ್ಮ ಸಭೆಯ ಹಿರಿಯ ನೆವಿಲಣ್ಣನನ್ನು ಬಿಡದೆ ಕೇಳಿದೆ. ಅವರು ಹೇಳಿಬಿಟ್ಟರು. 2011ರಲ್ಲಿ ಒಂದು ಭಾನುವಾರ ನೀವು ನಾಲ್ಕನೆಯ ಬೆಂಚಿನಿಂದ ಹಿಂದಕ್ಕೆ ತಿರುಗಿದಿರಂತೆ, ಐದನೆಯ ಬೆಂಚಿನಲ್ಲಿದ್ದ ಬರ್ತಕ್ಕ ನಿಮ್ಮ ಸಮಾಧಾನ ತೆಗೆದುಕೊಳ್ಳಲಿಲ್ಲವಂತೆ. ನೀವು ಬರಿಗೈಯಲ್ಲಿ ಮುಂದಕ್ಕೆ ತಿರುಗಿ ಕುಳಿತದ್ದನ್ನು ಎಲ್ಲರೂ ನೋಡಿದರಂತೆ. ಅದಾಗಿ ಮೂರು ತಿಂಗಳಿಗೆ ನೀವು ಕಾರ್ಕಳಕ್ಕೆ ಹೋದಿರಿ. ಸಮಾಧಾನ ಬೇಡವೆಂದವರಿಗೆ ನಾವು ಯಾಕೆ ಕೊಡಬೇಕು ಎಂದು ಅಂದಿನಿಂದ ಯಾರೂ ಹಿಂದಕ್ಕೆ ತಿರುಗುವುದಿಲ್ಲ. ಬರ್ತಕ್ಕನ ಅಣ್ಣನ ಮಗ ಡೆನ್ವರ್ ನಿಮಗೆ ಗೊತ್ತಿರಬಹುದು. ನಿಟ್ಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಬೇರೆಯಾಗುವ ಅರ್ಜಿ ಬರೆದವನು ಅವನೇ. ಮುಂದಿನವರು ನಮ್ಮನ್ನು ಕ್ರೈಸ್ತರೆಂದೇ ಎಣಿಸುವುದಿಲ್ಲ, ಹದಿನಾಲ್ಕು ವರ್ಷದಿಂದ ಬೆನ್ನು ತೋರಿಸಿಯೇ ಕೂತಿದ್ದಾರೆ ಎಂಬುದು ಅವನ ವಾದ.

ಬರ್ತಕ್ಕನ ಮನೆಗೂ ಹೋದೆ. ಮಟ್ಟುಗುಳ್ಳ ಬದನೆಯ ಪಲ್ಯ ಹಾಕಿ ಊಟ ಬಡಿಸಿದರು. ನೀವು ಸಮಾಧಾನ ತೆಗೆದುಕೊಳ್ಳಲಿಲ್ಲವಂತೆ, ಹೌದಾ ಎಂದು ಕೇಳಿದೆ. "ಹೌದು, ಹಾಗೆ ಹೇಳ್ತಾರೆ" ಎಂದು ಇನ್ನೊಂದು ಸೌಟು ಹಾಕಿದರು.

ಟೀಚರ್, ನಿಮಗೆ ಎಷ್ಟು ನೋವಾಗಿರಬೇಕೆಂದು ಈಗ ಅರ್ಥವಾಯಿತು. ಎಲ್ಲರ ಮುಂದೆ ಅವಮಾನ ಉಂಡು, ಯಾರನ್ನೂ ದೂರದೆ ಊರು ಬಿಟ್ಟವರು ನೀವು. ಏಪ್ರಿಲ್ 6ಕ್ಕೆ ಬನ್ನಿ. ಎಲ್ಲರ ಎದುರು ಬರ್ತಕ್ಕನನ್ನು ಕ್ಷಮಿಸಿದ್ದೇನೆ ಎಂದು ಹೇಳಿ. ಅಷ್ಟು ಹೇಳಿದರೆ ಮುಂದಿನವರ ಮನಸ್ಸು ಕರಗುತ್ತದೆ, ಹಿಂದಿನವರು ಉಳಿಯುತ್ತಾರೆ. ನಾನೇ ಕಾರು ತರುತ್ತೇನೆ.

ಟ್ರೆವರ್

*

ಕಾರ್ಕಳ
15 ಫೆಬ್ರವರಿ 2025

ಸಭಾಪಾಲಕರಿಗೆ,

ಕ್ಷಮಿಸಲು ನನ್ನ ಬಳಿ ಏನೂ ಇಲ್ಲ. ಕಾರು ತರಬೇಡಿ.

ನೀವು ಇಷ್ಟು ಅವಸರಪಡುವುದು ಸಭೆಗಾಗಿಯೋ ಅಥವಾ ಬಂದ ವರ್ಷವೇ ಸಭೆ ಒಡೆದವರು ಎಂಬ ಹೆಸರು ಬರಬಾರದೆಂದೋ? ಯೋಚಿಸಿ ನೋಡಿ. ಬರ್ತಾಳ ಮನೆಗೆ ಹೋಗಿ ಊಟ ಮಾಡಿ ಅಂಥ ಪ್ರಶ್ನೆ ಕೇಳಬಾರದಿತ್ತು.

ಇನ್ನು ಬರೆಯಬೇಡಿ.

ಐರಿನ್

*

ಪಡುಬೈಲು
8 ಮಾರ್ಚ್ 2025

ಟೀಚರ್,

ಬರೆಯಬೇಡಿ ಎಂದಿದ್ದೀರಿ. ಮೂರು ವಾರ ಬರೆಯಲಿಲ್ಲ. ಮೊನ್ನೆ ಬೂದಿ ಬುಧವಾರ ಬೇರೆಯವರ ಹಣೆಗೆ ಬೂದಿ ಹಚ್ಚುವಾಗ ನಿಮ್ಮ ಮಾತು ನೆನಪಾಯಿತು. ನೀವು ಹೇಳಿದ್ದು ನಿಜ. ಈ ಸಭೆ ನನ್ನ ಕೈಯಲ್ಲಿ ಒಡೆಯಬಾರದು ಎಂಬ ಆಸೆಯಲ್ಲಿ ನನ್ನ ಹೆಸರಿನ ಚಿಂತೆಯೂ ಅರ್ಧ ಇತ್ತು. ಉಳಿದರ್ಧ ಬೇರೆ. ಅದನ್ನು ನಂಬಿ ಎಂದು ನಾನು ಹೇಳಲಾರೆ.

ನಿಮ್ಮಿಂದ ಏನನ್ನೂ ಕೇಳಲು ಬರೆಯುತ್ತಿಲ್ಲ. ನಾನು ಕಂಡ ಒಂದನ್ನು ಹೇಳಿಬಿಡುತ್ತೇನೆ. ವೇದಿಯ ಬಳಿ ನಿಂತವನಿಗೆ ಎಲ್ಲರ ಕೈಗಳೂ ಕಾಣುತ್ತವೆ. ಇಷ್ಟು ದಿನ ನಾನು ನಾಲ್ಕನೆಯ ಬೆಂಚನ್ನೇ ನೋಡುತ್ತಿದ್ದೆ, ಯಾರು ತಿರುಗುವುದಿಲ್ಲ ಎಂದು. ಕಳೆದ ಭಾನುವಾರ ಐದನೆಯ ಬೆಂಚನ್ನು ನೋಡಿದೆ. ಸಮಾಧಾನ ನಾಲ್ಕನೆಯ ಬೆಂಚಿಗೆ ಬಂದಾಗ ಬರ್ತಕ್ಕ ತಮ್ಮ ಬಲಗೈಯನ್ನು ಮುಂದಿನ ಬೆಂಚಿನ ಒರಗಿನ ಮೇಲೆ, ಅಂಗೈ ಮೇಲೆ ಮಾಡಿ ಇಟ್ಟರು. ಯಾರೂ ತಿರುಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದು, ಆಮೇಲೆ ತೆಗೆದು ಪಕ್ಕದವರಿಗೆ ಕೊಟ್ಟರು. ಪಕ್ಕದಲ್ಲಿ ಕೂರುವ ಹುಡುಗಿಯನ್ನು ಕೇಳಿದೆ. ಅವರು ಪ್ರತಿ ಸಲವೂ ಹಾಗೆಯೇ ಮಾಡುತ್ತಾರಂತೆ, ಕೈಗೆ ಜೋಮು ಹಿಡಿದಿರಬೇಕೆಂದು ಅವಳು ತಿಳಿದಿದ್ದಳು.

ಸಮಾಧಾನ ಬೇಡವೆಂದವರು ಹದಿನಾಲ್ಕು ವರ್ಷ ಹೀಗೆ ಕೈ ನೀಡುತ್ತಾರೆಯೇ ಎಂದು ನನ್ನನ್ನೇ ಕೇಳಿಕೊಂಡೆ. ನೆವಿಲಣ್ಣ ಹೇಳಿದ್ದು ಪೂರ್ತಿ ನಿಜವಿರಲಾರದು ಎಂದು ಈಗ ಅನ್ನಿಸುತ್ತಿದೆ. ನಿಮ್ಮಿಂದ ಬರ್ತಕ್ಕನಿಗೆ ಕ್ಷಮೆ ಕೊಡಿಸುವ ಮಾತೆತ್ತಿದ್ದಕ್ಕೆ ನನ್ನನ್ನು ಮನ್ನಿಸಿ.

ಟ್ರೆವರ್

*

ಕಾರ್ಕಳ
17 ಮಾರ್ಚ್ 2025

ಟ್ರೆವರ್ ಅಯ್ಯನವರೇ,

ಇದನ್ನು ಓದಿ ಸುಟ್ಟುಬಿಡಿ.

ಕೈ ನೀಡಿದವಳು ಬರ್ತಾ. ಕೈ ಕೊಡದವಳು ನಾನು. ಮುಂದಿನವರಿಗೆ ನನ್ನ ಬೆನ್ನು ಕಂಡಿತು, ಹಿಂದಿನವರಿಗೆ ಅವಳ ಬೆನ್ನು ಕಂಡಿತು. ನಮ್ಮ ಕೈಗಳನ್ನು ಕಂಡವರು ನಾವಿಬ್ಬರೇ. ನಾನು ಸೆಕ್ರೆಟರಿ, ಊರಿಗೆಲ್ಲ ಟೀಚರ್. ಅವಳು ಜಗಲಿಯಲ್ಲಿ ಚಪ್ಪಾಳೆ ತಟ್ಟಿ ಹಾಡುವವಳು. ಜನ ಯಾರನ್ನು ನಂಬಬೇಕೋ ಅವರನ್ನು ನಂಬಿದರು. ಹೊರಗೆ ಬಂದಾಗ ನೆವಿಲ್ ಬಂದು, ಬಿಡಿ ಟೀಚರ್, ಬೇಸರ ಮಾಡಬೇಡಿ ಎಂದ. ನಾನು ತಲೆ ಆಡಿಸಿದೆ. ಆ ತಲೆ ಆಡಿಸಿದ್ದೇ ನನ್ನ ಸುಳ್ಳು, ಬೇರೆ ಒಂದು ಮಾತೂ ನಾನು ಆಡಲಿಲ್ಲ.

ಕಾರಣ ಕೇಳುತ್ತೀರಿ. ಆ ವಾರ ಬುಧವಾರ ತಂಗಿಯನ್ನು ನೋಡಿಕೊಂಡು ಕಾರ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಹೊಳೆಯ ಸೇತುವೆ ಇಕ್ಕಟ್ಟಾದದ್ದು, ಎದುರಿನ ಲಾರಿಗೆ ದಾರಿ ಬಿಡಲು ಬಸ್ಸು ನಿಂತಿತು. ಕಿಟಕಿಯಿಂದ ಕೆಳಗೆ ನೋಡಿದೆ. ಬಿಳಿ ಬಟ್ಟೆ ಉಟ್ಟ ಐದಾರು ಜನ ದಡದಲ್ಲಿ, ಎದೆಮಟ್ಟದ ನೀರಿನಲ್ಲಿ ಯಾರೋ ಬೇರೆ ಪಂಗಡದ ಪಾಸ್ಟರ್, ಅವರ ಪಕ್ಕದಲ್ಲಿ ಬರ್ತಾ. ನೋಡುತ್ತಿದ್ದ ಹಾಗೆ ಅವರು ಅವಳನ್ನು ಮುಳುಗಿಸಿ ಎಬ್ಬಿಸಿದರು. ಎದ್ದಾಗ ಅವಳ ಮುಖ ಕಂಡಿತು. ಬಸ್ಸು ಹೊರಟಿತು.

ನಿಮಗೆ ಕಟ್ಟಳೆ ಗೊತ್ತು. ಮಗುವಾಗಿದ್ದಾಗ ಆದ ದೀಕ್ಷಾಸ್ನಾನ ಒಂದೇ, ಎರಡನೆಯದು ತೆಗೆದುಕೊಂಡವರನ್ನು ಭೋಜನದ ಮೇಜಿನಿಂದ ದೂರ ಇಡುತ್ತಾರೆ. ನಾನು ಸೆಕ್ರೆಟರಿಯಾಗಿ ಅದನ್ನು ಕಮಿಟಿಗೆ ಬರೆಯಬೇಕಿತ್ತು. ಬರೆಯಲಿಲ್ಲ. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅವಳು ಭೋಜನಕ್ಕೆ ಬರಬೇಕು, ಬೆಂಚಿನಲ್ಲಿ ಇರಬೇಕು ಎಂಬುದಷ್ಟೇ ನನ್ನ ಆಸೆ. ಆದರೆ ಭಾನುವಾರ ಹಿಂದಕ್ಕೆ ತಿರುಗಿ ಅವಳ ಕೈ ನೋಡಿದಾಗ ನನ್ನ ಕೈ ಏಳಲಿಲ್ಲ.

ಸಭೆಯ ಕಟ್ಟಳೆಗಾಗಿ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಇಪ್ಪತ್ತೆರಡು ವರ್ಷ ಒಂದೇ ಪುಸ್ತಕದಲ್ಲಿ ಹಾಡಿದವಳು, ಮಂಗಳೂರಿಗೆ ಕನ್ನಡಕ ಕೊಳ್ಳಲು ಹೋದರೂ ನನ್ನನ್ನು ಕರೆದುಕೊಂಡು ಹೋಗುವವಳು, ಜೀವನದ ಅಷ್ಟು ದೊಡ್ಡ ದಿನ ನನ್ನನ್ನು ಕರೆಯದೆ ಹೋದಳು. ನನಗೆ ಹೊಟ್ಟೆ ಉರಿದದ್ದು ಅದಕ್ಕೆ. ಕರೆದಿದ್ದರೆ ನಾನು ಹೋಗುತ್ತಿದ್ದೆನೋ, ಬೈದು ತಡೆಯುತ್ತಿದ್ದೆನೋ, ನನಗೇ ಗೊತ್ತಿಲ್ಲ.

ಈಗ ನಿಮಗೆ ತೊಡಕು ಅರ್ಥವಾಗಿರಬೇಕು. ನಾನು ಎದ್ದುನಿಂತು ಕೈ ಕೊಡದವಳು ನಾನು ಎಂದರೆ, ಯಾಕೆ ಎಂದು ಕೇಳುತ್ತಾರೆ. ಹೇಳಿದರೆ ಬರ್ತಾಳನ್ನು ಮೇಜಿನಿಂದ ದೂರ ಇಡುತ್ತಾರೆ. ಹೇಳದಿದ್ದರೆ ಸಭೆ ಒಡೆಯುತ್ತದೆ. ದಿನಾ ಇದನ್ನೇ ತಿರುಗಿಸಿ ನೋಡುತ್ತಿದ್ದೇನೆ, ದಾರಿ ಕಾಣುವುದಿಲ್ಲ.

ಐರಿನ್

*

ಪಡುಬೈಲು
25 ಮಾರ್ಚ್ 2025

ಟೀಚರ್,

ಕಾಗದ ಸುಟ್ಟೆ. ಅದರಲ್ಲಿದ್ದ ಒಂದಕ್ಷರವನ್ನೂ ಯಾರಿಗೂ ಹೇಳಲಿಲ್ಲ, ಹೇಳುವುದೂ ಇಲ್ಲ.

ಆದರೆ ಬರ್ತಕ್ಕನ ಮನೆಗೆ ಮತ್ತೆ ಹೋದೆ. ಈ ಸಲ ಊಟದ ಹೊತ್ತಿಗಲ್ಲ. ಪ್ರತಿ ಭಾನುವಾರ ನೀವು ಕೈ ನೀಡುವುದನ್ನು ನಾನು ನೋಡಿದ್ದೇನೆ ಎಂದಷ್ಟೇ ಹೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕುಳಿತರು. ಆಮೇಲೆ ತಾವಾಗಿಯೇ ಹೊಳೆಯ ವಿಷಯ ಹೇಳಿದರು. ಟೀಚರಿಗೆ ಹೇಗೋ ಗೊತ್ತಾಗಿರಬೇಕು ಎಂದು, ನೀವು ಕೈ ಕೊಡದ ದಿನವೇ ಅವರಿಗೆ ತಿಳಿಯಿತಂತೆ. ನಿಮಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರ ಮಾತನ್ನು ಅವರು ಆಡಿದ ಹಾಗೆಯೇ ಬರೆಯುತ್ತೇನೆ.

"ಅವಳು ಸೆಕ್ರೆಟರಿ ಅಲ್ವಾ? ನಾನು ಹೇಳಿದರೆ ಅವಳು ಕಮಿಟಿಗೆ ಬರೀಬೇಕು. ಬರೆದರೆ ನನ್ನನ್ನು ಕಳಕೊಳ್ತಾಳೆ, ಬರೆಯದಿದ್ದರೆ ಸುಳ್ಳಿ ಆಗ್ತಾಳೆ. ಅವಳಿಗೆ ಅಂಥದ್ದು ಎಂತಕ್ಕೆ ಕೊಡುವುದು ಅಂತ ಹೇಳ್ಲಿಲ್ಲ."

ಹಾಗಾದರೆ ಜನ ನಿಮ್ಮ ಮೇಲೆ ಹೊರಿಸಿದಾಗ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ನಿಜ ಹೇಳಿದ್ದರೆ ನಿಮ್ಮನ್ನು ಕಾರಣ ಕೇಳುತ್ತಿದ್ದರು, ನೀವು ಅದೇ ಇಕ್ಕಟ್ಟಿಗೆ ಬೀಳುತ್ತಿದ್ದಿರಿ, ಅದಕ್ಕೆ ತಾನೇ ಇಟ್ಟುಕೊಂಡೆ ಎಂದರು. ಡೆನ್ವರನಿಗೂ ಹೇಳಿಲ್ಲ. ಇದನ್ನು ಟೀಚರಿಗೆ ಬರೆಯಲೇ ಎಂದು ಕೇಳಿದ್ದಕ್ಕೆ, ಬರೆಯಿರಿ, ಅವಳಿಗೆ ಕಾಗದ ಓದುವುದೆಂದರೆ ಇಷ್ಟ ಎಂದರು.

ಏಪ್ರಿಲ್ 6ಕ್ಕೆ ಹನ್ನೆರಡು ದಿನ ಉಳಿದಿದೆ. ನಾನು ಏನನ್ನೂ ಕೇಳುವುದಿಲ್ಲ.

ಟ್ರೆವರ್

*

ಕಾರ್ಕಳ
31 ಮಾರ್ಚ್ 2025

ಟ್ರೆವರ್ ಅಯ್ಯನವರೇ,

ನಿಮ್ಮ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ತಂಗಿ ಡಾಕ್ಟರರ ಹತ್ತಿರ ಹೋಗೋಣವೇ ಎಂದು ಕೇಳಿದಳು. ನನಗೆ ನಾಚಿಕೆಯಾಗಿದೆ, ಅದಕ್ಕೆ ಡಾಕ್ಟರರ ಬಳಿ ಮದ್ದಿಲ್ಲ. ಅವಳು ನನ್ನನ್ನು ಬಿಟ್ಟು ಹೋದಳೆಂದು ನಾನು ಹದಿನಾಲ್ಕು ವರ್ಷ ಕುದಿದೆ. ಅವಳು ಬಿಟ್ಟುಹೋದದ್ದು ನನ್ನನ್ನು ಉಳಿಸಲು.

ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಮಹಾಸಭೆಯಲ್ಲಿ ಓದಿ. ಮೂರೇ ವಾಕ್ಯ. ಹೊಳೆಯ ಸುದ್ದಿ ಅದರಲ್ಲಿಲ್ಲ. ಯಾರು ಎಷ್ಟು ಕೇಳಿದರೂ ನನಗೆ ಬರೆದು ಕೇಳಲಿ, ನಾನು ಉತ್ತರ ಕೊಡುವುದಿಲ್ಲ.

ನಾನೇ ಬರಬೇಕಿತ್ತು. ಮಂಡಿ ನೋವು ಎಂದು ಬರೆಯಲು ಹೊರಟಿದ್ದೆ. ಮಂಡಿಗೆ ಏನೂ ಆಗಿಲ್ಲ. ಆ ಬೆಂಚುಗಳ ನಡುವೆ ನಡೆಯುವ ಧೈರ್ಯವಿಲ್ಲ, ಅಷ್ಟೇ.

ಐರಿನ್

(ಹಾಳೆ)
ಪಡುಬೈಲು ಸಭೆಯವರಿಗೆ. 2011ರ ಫೆಬ್ರವರಿಯ ಮೊದಲ ಭಾನುವಾರ ಬರ್ತಾ ನನ್ನತ್ತ ಕೈ ನೀಡಿದ್ದಳು, ಕೊಡದವಳು ನಾನು. ನೀವು ಅದನ್ನು ಅವಳ ಮೇಲೆ ಹೊರಿಸಿದಿರಿ, ನಾನು ಕೇಳಿಯೂ ಸುಮ್ಮನಿದ್ದೆ. ನನ್ನ ತಪ್ಪಿಗಾಗಿ ನೀವು ಹದಿನಾಲ್ಕು ವರ್ಷ ಹಿಂದಕ್ಕೆ ತಿರುಗಲಿಲ್ಲ, ಇನ್ನಾದರೂ ತಿರುಗಿ.

*

ಪಡುಬೈಲು
14 ಏಪ್ರಿಲ್ 2025

ಟೀಚರ್,

ಒಂದು ವಾರ ತಡವಾಗಿ ಬರೆಯುತ್ತಿದ್ದೇನೆ. ಬಿಷಪರ ಉತ್ತರ ಬರಲಿ ಎಂದು ಕಾದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮಹಾಸಭೆಗೆ ಎಲ್ಲರೂ ಬಂದಿದ್ದರು, ಕಿಟಕಿಯ ಕಟ್ಟೆಯ ಮೇಲೂ ಜನ. ಮೊದಲು ನಿಮ್ಮ ಹಾಳೆ ಓದಿದೆ. ನೆವಿಲಣ್ಣನ ಮುಖ ಕೆಂಪಾಯಿತು. ಟೀಚರ್ ಕಾರಣವಿಲ್ಲದೆ ಕೈ ಹಿಂತೆಗೆಯುವವರಲ್ಲ, ಕಾರಣ ಏನೆಂದು ಸಭೆಗೆ ತಿಳಿಯಬೇಕು ಎಂದು ಎದ್ದುನಿಂತರು. ಇನ್ನೂ ನಾಲ್ಕೈದು ಜನ ಅದನ್ನೇ ಹೇಳಿದರು. ಕಾರಣ ಹೇಳಲು ನನಗೆ ಅನುಮತಿಯಿಲ್ಲ ಎಂದೆ. ಗದ್ದಲವಾಯಿತು.

ಆಗ ಬರ್ತಕ್ಕ ಎದ್ದರು. ನಾನು ಕೈಯಲ್ಲಿ ಬೇಡ ಎಂದು ಸನ್ನೆ ಮಾಡಿದೆ, ನೋಡಲೇ ಇಲ್ಲ. "ಕಾರಣ ನಾನು ಹೇಳ್ತೇನೆ. ನಾನು ಹೊಳೆಯಲ್ಲಿ ಎರಡನೆ ಸಲ ದೀಕ್ಷಾಸ್ನಾನ ತಗೊಂಡಿದ್ದೆ. ಅದು ಟೀಚರಿಗೆ ಗೊತ್ತಾಯ್ತು. ಅವಳು ನನ್ನನ್ನು ಹಿಡಿದು ಕೊಡ್ಲಿಲ್ಲ. ಕಟ್ಟಳೆ ಎಂತ ಉಂಟೋ ಅದು ಮಾಡಿ."

ಡೆನ್ವರ್ ಅವರ ಪಕ್ಕದಿಂದ ಎದ್ದ. ಅತ್ತೆ ಮಾಡಿದ್ದರಲ್ಲಿ ತಪ್ಪೇನು, ಇಂಥವರಿಗೆ ಶಿಕ್ಷೆ ಕೊಡುವ ಸಭೆಯಲ್ಲಿ ಇನ್ನೊಂದು ಕ್ಷಣ ಇರಬಾರದು, ಮತ ಹಾಕುವುದೂ ಬೇಡ, ಈಗಲೇ ಹೊರಡೋಣ ಎಂದ. ಅರ್ಧದಷ್ಟು ಜನ ಎದ್ದೇಬಿಟ್ಟರು. ಸಭೆ ಒಡೆಯಿತು ಎಂದೇ ನಾನು ತಿಳಿದೆ. ಬರ್ತಕ್ಕ ಅವನ ತೋಳು ಹಿಡಿದರು. "ನಾನು ಆ ಹೊಳೆಯಿಂದ ಎದ್ದು ಬಂದು ಇದೇ ಬೆಂಚಿನಲ್ಲಿ ಕೂತವಳು. ಹೋಗುವವಳಾದರೆ ಆವತ್ತೇ ಹೋಗ್ತಿದ್ದೆ. ಕೂತ್ಕೋ."

ಅವನು ಅತ್ತೆಯ ಕೈ ಬಿಡಿಸಿಕೊಳ್ಳಲು ನೋಡಿದ, ಅವರು ಬಿಡಲಿಲ್ಲ. ಆಮೇಲೆ ಕುಳಿತ. ಅವನು ಕುಳಿತದ್ದು ನೋಡಿ ಉಳಿದವರೂ ಕುಳಿತರು. ಅರ್ಜಿಯನ್ನು ಅವರೇ ಹಿಂದಕ್ಕೆ ತೆಗೆದುಕೊಂಡರು. ಎರಡು ಕುಟುಂಬದವರು ಮಾತ್ರ ಬೇರೆ ಕಡೆ ಹೋಗುತ್ತೇವೆ ಎಂದು ಹೇಳಿ ಹೋದರು. ಅವರನ್ನು ಹಿಡಿದು ನಿಲ್ಲಿಸಲು ನನ್ನಿಂದಾಗಲಿಲ್ಲ.

ಬಿಷಪರಿಗೆ ನಾನೇ ಎಲ್ಲ ಬರೆದೆ. ಬರ್ತಕ್ಕ ಮೂರು ತಿಂಗಳು ಭೋಜನದಿಂದ ದೂರವಿರಬೇಕು, ಜುಲೈಯಲ್ಲಿ ಎಲ್ಲರೆದುರು ಮತ್ತೆ ಮೇಜಿಗೆ ಬರಬೇಕು ಎಂದು ಉತ್ತರ ಬಂತು. ಬರ್ತಕ್ಕನಿಗೆ ಅದನ್ನು ಓದಿ ಹೇಳುವಾಗ ಎರಡು ಸಲ ಸಾಲು ತಪ್ಪಿದೆ. ಅವರೇ ನನ್ನನ್ನು ಸಮಾಧಾನ ಮಾಡಿದರು. ಮೂರು ತಿಂಗಳಲ್ವಾ ಮಾರಾಯ್ರೆ, ಹದಿನಾಲ್ಕು ವರ್ಷ ಕೂತು ಅಭ್ಯಾಸ ಉಂಟು ಎಂದರು.

ನಿನ್ನೆ ಗರಿಗಳ ಭಾನುವಾರ. ನಾಲ್ಕನೆಯ ಬೆಂಚಿನ ತುದಿಯಲ್ಲಿ ನೆವಿಲಣ್ಣ ಇದ್ದರು. ಸಮಾಧಾನ ಅವರ ಕೈಗೆ ಬಂತು. ಅವರು ಕುಳಿತೇ ಇದ್ದರು, ನಾನು ಮುಂದಿನ ಪ್ರಾರ್ಥನೆ ಶುರುಮಾಡದೆ ಪುಸ್ತಕ ನೋಡುತ್ತ ನಿಂತೆ. ಕೊನೆಗೆ ತಿರುಗಿದರು. ಬರ್ತಕ್ಕನ ಮುಖ ನೋಡದೆ ಕೊಟ್ಟರು, ಆದರೂ ಕೊಟ್ಟರು. ಅದು ಬಾಗಿಲವರೆಗೆ ಹೋಗಲು ಎಷ್ಟು ಹೊತ್ತು ಹಿಡಿಯಿತೆಂದರೆ ಬಲಗಡೆಯವರೆಲ್ಲ ತಿರುಗಿ ನೋಡುತ್ತಿದ್ದರು.

ಒಂದು ವಿಷಯ ಮಾತ್ರ ನನಗೆ ಇನ್ನೂ ತಿಳಿಯಲಿಲ್ಲ. ಇಷ್ಟೆಲ್ಲ ಕಷ್ಟಪಟ್ಟು ಸಭೆಯಲ್ಲೇ ಉಳಿಯುವವರು ಆ ಹೊಳೆಗೆ ಹೋದದ್ದಾದರೂ ಯಾಕೆ? ಅವರನ್ನು ಕೇಳಿದೆ. ಅದನ್ನು ಕೇಳಬೇಕಾದವಳು ಬೇರೆ, ನೀವಲ್ಲ ಎಂದು ನಕ್ಕರು.

ಟ್ರೆವರ್

*

ಕಾರ್ಕಳ
26 ಏಪ್ರಿಲ್ 2025

ಪ್ರೀತಿಯ ಟ್ರೆವರ್,

ಈಸ್ಟರ್ ದಿನ ಇಲ್ಲಿಯ ಸಭೆಯಲ್ಲಿ ಎಲ್ಲರೂ ಮೇಜಿಗೆ ಹೋದರು. ನಾನು ಬೆಂಚಿನಲ್ಲೇ ಕುಳಿತೆ. ಜುಲೈವರೆಗೆ ಹಾಗೆಯೇ ಕೂರುತ್ತೇನೆ. ಯಾವ ಬಿಷಪರೂ ಹೇಳಿದ್ದಲ್ಲ. ಬರ್ತಾಳಿಗೆ ಇದನ್ನು ಹೇಳಬೇಡಿ ಎಂದು ಬರೆಯಬೇಕೆಂದಿದ್ದೆ, ಆದರೆ ಈಗ ಅವಳಿಗೆ ಗೊತ್ತಾಗಿಹೋಗಿದೆ.

ನಿನ್ನೆ ಅವಳು ಬಂದಿದ್ದಳು. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಶುಕ್ರವಾರದ ಕೂಟವನ್ನು ಡೆನ್ವರನಿಗೆ ವಹಿಸಿ, ಹನ್ನೊಂದು ಗಂಟೆಯ ಬಸ್ಸಿಗೆ ಬಂದಿಳಿದಳು. ನಾನು ಬಾಗಿಲು ತೆಗೆದೆ. ಇಬ್ಬರೂ ಮುದುಕಿಯರಾಗಿದ್ದೇವೆ ಎಂಬುದನ್ನು ನೋಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಕೈ ನೀಡುವವರೆಗೆ ನಾನು ಕಾಯಲಿಲ್ಲ. ಅವಳ ಎರಡೂ ಕೈ ಹಿಡಿದು, ಕ್ಷಮಿಸು ಎಂದೆ. ನನ್ನ ಕಿವಿ ಸರಿಯಾಗಿ ಕೇಳುವುದಿಲ್ಲ, ಆದ್ದರಿಂದ ನನಗೆ ಗೊತ್ತಿಲ್ಲದೆ ಜೋರಾಗಿ ಹೇಳಿರಬೇಕು. ತಂಗಿ ಅಡುಗೆಮನೆಯಿಂದ ಓಡಿ ಬಂದಳು.

ಊಟವಾದ ಮೇಲೆ ಜಗಲಿಯಲ್ಲಿ ಕುಳಿತೆವು. ಸಭೆಯ ಸುದ್ದಿ ಹೇಳಿದಳು, ಹಾಡಿದಳು, ನಾನು ಮರೆತ ಸಾಲುಗಳಲ್ಲಿ ನನ್ನನ್ನು ನೋಡಿ ನಕ್ಕಳು. ಹೊರಡುವ ಹೊತ್ತಿಗೆ ಕೇಳಿದೆ. ಬಸ್ಸಿನ ಕಿಟಕಿಯಿಂದ ನಿನ್ನ ಮುಖ ಕಂಡಿತು ಬರ್ತಾ, ಅಷ್ಟು ಸಂತೋಷ ಆ ಮುಖದಲ್ಲಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆ ನೀರಿನಲ್ಲಿ ನಿನಗೆ ಎಂತ ಆಯ್ತು?

ಅವಳು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು. "ಹದಿನಾಲ್ಕು ವರ್ಷ ಆಯ್ತು. ನೀನು ಕೇಳ್ತೀ ಅಂತ ಕಾದು ಕೂತಿದ್ದೆ" ಎಂದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದಳು. ನಾಲ್ಕು ಗಂಟೆಯ ಬಸ್ಸು ಹೋಯಿತು, ಐದರ ಬಸ್ಸೂ ಹೋಯಿತು.

ನೀವು ಕುತೂಹಲದವರು, ನನಗೆ ಗೊತ್ತು. ಆದರೆ ಅವಳು ಹೇಳಿದ್ದನ್ನು ನಾನು ನಿಮಗೆ ಬರೆಯುವುದಿಲ್ಲ.

ನಿಮ್ಮ
ಐರಿನ್ ಟೀಚರ್